ದೇಸೂರ ದಾಟಿತು ಗಾಡಿ, ಪ್ಲಾಟ್‌ಫಾರ್ಮ್ ಯಾವುದು ಸ್ವಾಮಿ?

ರೈಲು ನಿಲ್ದಾಣದಲ್ಲಿ ಎರಡು ಸುದ್ದಿ ಜನರನ್ನು ಕಾಡುತ್ತವೆ. ಗಾಡಿ ತಡ ಎಂಬುದು ಒಂದು. ಗಾಡಿ ಬೇರೆ ಪ್ಲಾಟ್‌ಫಾರ್ಮ್‌ಗೆ ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಜನ ಹೇಗೋ ಸಹಿಸ್ಕೋತಾರೆ. ಇನ್ನೊಂದು ಚಹಾ ಕುಡೀತಾರೆ, ನಾಲ್ಕು ಮಾತು ಬೈತಾರೆ, ಮತ್ತೆ ಕೂಡ್ತಾರೆ. ಎರಡನೆಯದು ಹಾಗಲ್ಲ. ಅದು ಬಂದರೆ ಓಡಲೇಬೇಕು.

ಓಡುವವರು ಯಾರು? ರವಿವಾರಪೇಟೆಯಲ್ಲಿ ಮಾಲು ಕಟ್ಟಿಸಿಕೊಂಡು ಊರಿಗೆ ಹೊರಟ ಖಾನಾಪುರದ ಅಂಗಡಿಕಾರ. ಬಗಲಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದ ಹೆಣ್ಣುಮಗಳು. ಮೊಣಕಾಲು ನೋವಿನ ಅಜ್ಜ. ಮೇಲ್ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಗಾಡಿ ಹೋದರೆ ಮುಂದಿನ ಗಾಡಿ ಎಷ್ಟೊತ್ತಿಗೋ ದೇವರೇ ಬಲ್ಲ. ಆದ್ದರಿಂದ ಕೆಲವರು ನೇರ ಹಳಿಗೇ ಇಳೀತಾರೆ.

ಇದು ಬರೀ ತೊಂದರೆಯ ಮಾತಲ್ಲ, ಜೀವದ ಮಾತು. 2010ರ ಮೇ 16ರಂದು ಹೊಸದಿಲ್ಲಿ ನಿಲ್ದಾಣದಲ್ಲಿ ಬಿಹಾರದ ಗಾಡಿಯ ಪ್ಲಾಟ್‌ಫಾರ್ಮ್ ಕೊನೆಗಳಿಗೆಯಲ್ಲಿ ಬದಲಾಯಿತು. ನೂಕುನುಗ್ಗಲಿನಲ್ಲಿ ಇಬ್ಬರು ಸತ್ತರು. 2013ರ ಫೆಬ್ರವರಿ 10, ಕುಂಭಮೇಳದ ದಿನ. ಅಲಹಾಬಾದ್ ನಿಲ್ದಾಣದ ಕಾಲ್ತುಳಿತದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಹೋದರು. ಪ್ಲಾಟ್‌ಫಾರ್ಮ್ ಬದಲಾಯಿತೆಂಬ ಘೋಷಣೆಯಿಂದಲೇ ಜನ ನುಗ್ಗಿದರು ಎಂದು ಬದುಕಿ ಬಂದವರು ಹೇಳಿದರು. 2025ರ ಫೆಬ್ರವರಿ 15ರಂದು ಮತ್ತೆ ಹೊಸದಿಲ್ಲಿ, ಮತ್ತೆ ಕುಂಭಮೇಳದ ಜನ. ಸತ್ತವರು 18.

ಆ 18 ಜನರ ಸಾವಿಗೆ ಕಾರಣವೇನು? ಪ್ರಯಾಗರಾಜ್ ಎಂಬ ಹೆಸರಿನ ಎರಡು ಗಾಡಿ ಇದ್ದವು, ಘೋಷಣೆ ಕೇಳಿದ ಜನ ಗೊಂದಲಕ್ಕೆ ಬಿದ್ದರು ಎಂದು ಮೊದಲಿಗೆ ಪೊಲೀಸರ ಕಡೆಯಿಂದ ಮಾತು ಬಂತು. ಪ್ಲಾಟ್‌ಫಾರ್ಮ್ ಬದಲಾಗಿರಲಿಲ್ಲ ಎಂದಿತು ರೈಲ್ವೆ. ಆರು ತಿಂಗಳ ಹೊತ್ತಿಗೆ ರೈಲ್ವೆ ಮಂತ್ರಿಗಳು ರಾಜ್ಯಸಭೆಗೆ ಕೊಟ್ಟ ಲಿಖಿತ ಉತ್ತರದಲ್ಲಿ ಬೇರೆಯೇ ಕಾರಣ ಇತ್ತು. ಪ್ರಯಾಣಿಕನೊಬ್ಬನ ತಲೆಮೇಲಿನ ದೊಡ್ಡ ಗಂಟು ಮೇಲ್ಸೇತುವೆಯ ಮೆಟ್ಟಿಲ ಮೇಲೆ ಬಿತ್ತು, ಜನ ಎಡವಿ ಬಿದ್ದರು ಎಂದು.

ಗಂಟು ಬಿದ್ದಿರಬಹುದು. ಆದರೆ ತಲೆಮೇಲೆ ಗಂಟು ಹೊತ್ತವ ಈ ದೇಶದ ರೈಲಿಗೆ ಹೊಸಬನೇ? ಖಾನಾಪುರದ ಕಾಡಂಚಿನ ಹಳ್ಳಿಯವರು ಗಂಟಿಲ್ಲದೆ ಗಾಡಿ ಹತ್ತಿದ್ದು ಯಾವಾಗ? ಗಂಟು ಹೊತ್ತವನೂ ಸಾವಕಾಶ ನಡೆದು ಹೋಗುವ ಹಾಗೆ ಮಾಡುವುದೇ ನಿಲ್ದಾಣದ ಕೆಲಸ.

ದಿಲ್ಲಿಯ ಗದ್ದಲ ಬೆಳಗಾವಿಯಲ್ಲಿಲ್ಲ ಎಂದು ಸಮಾಧಾನ ಹೇಳಬಹುದು. ಗದ್ದಲ ಕಡಿಮೆ ನಿಜ, ಕಾಯಿಲೆ ಮಾತ್ರ ಒಂದೇ ಜಾತಿಯದು. ರೈಲ್ವೆಗೆ ಮೊದಲೇ ಗೊತ್ತಿರುವ ಸಂಗತಿ ಪ್ರಯಾಣಿಕನಿಗೆ ಕಡೆಗೆ ಗೊತ್ತಾಗುತ್ತದೆ.

ಗಾಡಿ ಯಾವ ಹಳಿಗೆ ಬರಬೇಕೆಂಬುದು ಆಕಾಶದಿಂದ ಇಳಿಯುವ ಸಂಗತಿಯಲ್ಲ. ಸೆಕ್ಷನ್ ಕಂಟ್ರೋಲರ್ ಗಾಡಿಗಳ ಓಟ ನೋಡುತ್ತಿರುತ್ತಾರೆ. ಸ್ಟೇಶನ್ ಮಾಸ್ತರರು ಹಾದಿ ಮಾಡಿ ಸಿಗ್ನಲ್ ಕೊಡುತ್ತಾರೆ. ಹಾದಿ ಗೊತ್ತುಮಾಡದೆ ಗಾಡಿ ಒಳಗೆ ಬರುವಂತೆಯೇ ಇಲ್ಲ. ಅಂದಮೇಲೆ ಮೈಕಿನವರಿಗೆ ಮಾತ್ರ ಏಕೆ ತಡ?

ಒಂದೇ ಹಳಿಯ ಕಾಲದಲ್ಲಿ ಒಂದು ಸಬೂಬು ಇತ್ತು. ಎದುರಿನ ಗಾಡಿ ಎಲ್ಲಿ ಸಿಗುತ್ತದೋ, ಯಾವುದನ್ನು ಯಾವ ಹಳಿಗೆ ತಗೋಬೇಕೋ, ಕಡೆತನಕ ಅನುಮಾನ. ಲೋಂಡಾ–ಬೆಳಗಾವಿ–ಘಟಪ್ರಭಾ ಜೋಡಿ ಮಾರ್ಗವನ್ನು 2023ರ ಫೆಬ್ರವರಿ 27ರಂದು ಪ್ರಧಾನಿಯವರು ಬೆಳಗಾವಿಗೇ ಬಂದು ಉದ್ಘಾಟಿಸಿದರು. ಸುಮಾರು 930 ಕೋಟಿ ರೂಪಾಯಿ ಕೆಲಸ. ಅದೇ ದಿನ ಸುಮಾರು 190 ಕೋಟಿಯ ಹೊಸ ನಿಲ್ದಾಣವೂ ಉದ್ಘಾಟನೆಯಾಯಿತು. ಹೋಗುವ ಗಾಡಿಗೊಂದು ಹಳಿ, ಬರುವ ಗಾಡಿಗೊಂದು ಹಳಿ ಆದಮೇಲೆ ಪ್ಲಾಟ್‌ಫಾರ್ಮ್ ಹೇಳುವುದು ಹಗುರಾಗಬೇಕಲ್ಲವೇ?

ರೈಲ್ವೆಯವರ ತಾಪತ್ರಯವೂ ಉಂಟು. ಗೂಡ್ಸ್ ಗಾಡಿ ಕೆಟ್ಟು ನಿಲ್ಲುತ್ತದೆ, ಹಳಿ ದುರಸ್ತಿ ನಡೆದಿರುತ್ತದೆ, ವಂದೇ ಭಾರತ್‌ಗೆ ದಾರಿ ಬಿಡಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಬದಲಾವಣೆ ತಪ್ಪದು. ಆದರೆ ಬದಲು ಮಾಡಿದವರು ಮಂದಿ ದಾಟುವ ತನಕ ಗಾಡಿ ನಿಲ್ಲಿಸಬೇಕು. ತಾವು ಕಳೆದ ಸಮಯವನ್ನು ಪ್ರಯಾಣಿಕನ ಕಾಲಿನಿಂದ ವಸೂಲು ಮಾಡುವುದು ಯಾವ ನ್ಯಾಯ?

ಕಾನೂನೂ ವಿಚಿತ್ರ. ಹಳಿ ದಾಟಿದವನಿಗೆ 1989ರ ರೈಲ್ವೆ ಕಾಯ್ದೆಯಲ್ಲಿ 147ನೇ ಕಲಂ ಇದೆ. ಹಳಿ ದಾಟುವುದು ತಪ್ಪೇ, ಯಾರೂ ದಾಟಬಾರದು. ಆದರೆ ತಡವಾಗಿ ಕೂಗಿದ್ದಕ್ಕೆ ಅಂತಲೇ ಒಂದು ಕಲಂ ಆ ಕಾಯ್ದೆಯಲ್ಲಿಲ್ಲ. ಓಡಿಸಿದವರಿಗೆ ಲೆಕ್ಕವಿಲ್ಲ, ಓಡಿದವನಿಗೆ ಮೊಕದ್ದಮೆ.

ಬೋಗಿಯ ಜಾಗವೂ ಇದರ ಜತೆಯ ಮಾತು. ಹುಬ್ಬಳ್ಳಿಗೆ ಹೋಗಿ ಗಾಡಿ ಬದಲಿಸುವವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿಯ 8ನೇ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿಗೇ ಉದ್ದ. 2023ರ ಮಾರ್ಚ್ 12ರಂದು ಅದರ ಉದ್ಘಾಟನೆಯಾಯಿತು. ಈ ತುದಿಯಿಂದ ಆ ತುದಿಗೆ ನಡೆಯಲು ಇಪ್ಪತ್ತು ನಿಮಿಷ ಬೇಕು. ಗಾಡಿ ಯಾವ ತುದಿಗೆ ನಿಲ್ಲುತ್ತದೆ, ಜನರಲ್ ಬೋಗಿ ಮುಂದೋ ಹಿಂದೋ ಎಂದು ಮೊದಲೇ ಹೇಳದಿದ್ದರೆ ಜಗತ್ತಿನ ದಾಖಲೆ ಕಟ್ಟಿಕೊಂಡು ಪ್ರಯಾಣಿಕ ಏನು ಮಾಡಬೇಕು? ಖಾನಾಪುರದಲ್ಲಿ ಪ್ಲಾಟ್‌ಫಾರ್ಮ್ ಸಣ್ಣದು, ಗಾಡಿ ನಿಲ್ಲುವ ಹೊತ್ತೂ ಸಣ್ಣದು. ಅಲ್ಲಿ ಒಂದು ನಿಮಿಷ ತಡವಾಗಿ ಹೇಳಿದರೆ ಹೇಳದಿದ್ದಂತೆಯೇ.

ಬಸ್ ನಿಲ್ದಾಣದಲ್ಲಿ ಬಸ್ಸು ಬೇರೆ ಕಡೆ ನಿಂತರೂ ಕಂಡಕ್ಟರ್ ‘ಖಾನಾಪೂರ, ಖಾನಾಪೂರ’ ಅಂತ ಕೂಗ್ತಾನೆ. ಹತ್ತು ಹೆಜ್ಜೆ ಹಾಕಿದರೆ ಬಾಗಿಲು. ರೈಲು ತಪ್ಪಿಸಿಕೊಂಡವರೂ ಕಡೆಗೆ ಅದೇ ಬಸ್ಸಿಗೆ ಬರಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಮೊದಲೇ ಬಸ್ಸು ತುಂಬಿರುತ್ತದೆ. ರೈಲಿನ ತಪ್ಪಿಗೆ ಬಸ್ಸಿನವರೂ ನಿಂತು ಪ್ರಯಾಣ ಮಾಡಬೇಕು.

ಕೇಳುವುದು ದೊಡ್ಡದೇನಲ್ಲ, ಕೋಟಿಗಟ್ಟಲೆ ರೊಕ್ಕವೂ ಬೇಡ. ಖಾನಾಪುರದ ಕಡೆಯಿಂದ ಬರುವ ಗಾಡಿ ದೇಸೂರ ದಾಟಿದ ಮೇಲೆ, ಮಿರಜ ಕಡೆಯದು ಸುಳೇಭಾವಿ ದಾಟಿದ ಮೇಲೆ, ಬೆಳಗಾವಿಯಲ್ಲಿ ಪ್ಲಾಟ್‌ಫಾರ್ಮ್ ಬದಲಿಲ್ಲ ಎಂಬ ಕಟ್ಟುನಿಟ್ಟು ಬೇಕು. ಖಾನಾಪುರದಲ್ಲೂ ಒಂದು ನಿಲ್ದಾಣ ಹಿಂದೆಯೇ ಇದು ತೀರ್ಮಾನವಾಗಲಿ. ತಪ್ಪದೆ ಬದಲಿಸಿದರೆ ಗಾಡಿ ನಿಲ್ಲಲಿ, ಎಷ್ಟು ಸಲ ಬದಲಾಯಿತು, ಏಕೆ ಬದಲಾಯಿತು ಎಂದು ತಿಂಗಳಿಗೊಮ್ಮೆ ನಿಲ್ದಾಣದ ಬೋರ್ಡಿಗೆ ಹಚ್ಚಲಿ. ಪ್ಲಾಟ್‌ಫಾರ್ಮ್ ಅಂಕಿ ದೊಡ್ಡದಾಗಿ ಬಾಗಿಲಲ್ಲೇ ಕಾಣಲಿ. ಕನ್ನಡದವರಿಗೂ ಮರಾಠಿಯವರಿಗೂ ಅಂಕಿ ಒಂದೇ, ಅದಕ್ಕೆ ಭಾಷೆಯ ಜಗಳ ಇಲ್ಲ.

ಬೆಳಗಾವಿಗೆ ಒಬ್ಬ ಸಂಸದರು. ಖಾನಾಪುರ ಉತ್ತರ ಕನ್ನಡ ಕ್ಷೇತ್ರಕ್ಕೆ ಸೇರಿದ್ದರಿಂದ ಅದಕ್ಕೆ ಇನ್ನೊಬ್ಬರು. ಹೊಸ ಗಾಡಿಗೆ ಹಸಿರು ಬಾವುಟ ತೋರಿಸಲು ಎಲ್ಲರಿಗೂ ಪುರುಸೊತ್ತು ಸಿಗುತ್ತದೆ. ಇದ್ದ ಗಾಡಿಗೆ ಜನ ನಡೆದು ಹೋಗಿ ಹತ್ತುವಂತೆ ಮಾಡಲು ಹುಬ್ಬಳ್ಳಿಯ ವಿಭಾಗೀಯ ಕಚೇರಿಗೆ ಇಬ್ಬರೂ ಕೂಡಿ ಒಂದು ಪತ್ರ ಬರೆದರೆ ಸಾಕು.