ಲಾರಿ ಡ್ರೈವರನ ಪರ್ಸೆಂಟು ಯಾವುದರ ಮೇಲೆ?



ಮಳೆ ಕೈಕೊಟ್ಟ ವರ್ಷ ನಮ್ಮ ಊರುಗಳ ಹುಡುಗರು ಲಾರಿ ಹತ್ತುತ್ತಾರೆ. ಕ್ಲೀನರ್ ಆಗಿ ಸೇರಿ, ಆಮೇಲೆ ಸ್ಟೇರಿಂಗ್ ಹಿಡೀತಾರೆ. ಎಷ್ಟೋ ಮನೆಗಳಲ್ಲಿ ಸೊಸೈಟಿ ಸಾಲದ ಕಂತು ಕಟ್ಟೋದು ಈ ದುಡ್ಡಿನಲ್ಲೇ. ಆದ್ದರಿಂದ ಡ್ರೈವರನ ಸಂಬಳದ ಮಾತು ನಮಗೆ ಹೊರಗಿನದಲ್ಲ.

ಕೆಲವರು ತಿಂಗಳ ಸಂಬಳದ ಜೊತೆ ಬತ್ತೆ ಕೊಡ್ತಾರೆ. ಕೆಲವರು ಟ್ರಿಪ್ಪಿಗೆ ಇಷ್ಟು ಅಂತ ಮಾತಾಡ್ತಾರೆ. ಮೂರನೆಯದು ಪರ್ಸೆಂಟಿನ ಲೆಕ್ಕ, ಬಾಡಿಗೆಯಲ್ಲಿ ಶೇಕಡಾ ಇಷ್ಟು ಅಂತ. "ನಿನ್ನನ್ನ ಪಾಲುದಾರನ್ನೇ ಮಾಡ್ಕೊಂಡಿದ್ದೀನಿ ಕಣಪ್ಪ" ಅಂತಾನೆ ಮಾಲೀಕ. ಹುಡುಗ ಹಿಗ್ಗುತ್ತಾನೆ.

ಲೆಕ್ಕ ಹಾಕಿ ನೋಡೋಣ. ಕೋಲಾರದಿಂದ ದೆಹಲಿಗೆ ಟೊಮೆಟೊ ಲೋಡು, 2,000 ಕಿಲೋಮೀಟರಿಗೂ ಮೇಲೆ. ಬಾಡಿಗೆ 1 ಲಕ್ಷ ಅಂತ ಇಟ್ಟುಕೊಳ್ಳಿ. ಪೂರ್ತಿ ಬಾಡಿಗೆ ಮೇಲೆ ಶೇ. 10 ಅಂದರೆ 10,000 ರೂಪಾಯಿ. ಡೀಸೆಲ್, ಟೋಲು, ಏಜೆಂಟನ ಕಮಿಷನ್ ಎಲ್ಲ ಕಳೆದು 35,000 ಉಳಿಯಿತು, ಅದರ ಮೇಲೆ ಶೇ. 20 ಅಂದರೆ 7,000 ಮಾತ್ರ. ಕೇಳೋಕೆ ಇಪ್ಪತ್ತೇ ದೊಡ್ಡದು! ಡೀಸೆಲ್ ದರ ಏರಿದರೆ ಈ ಎರಡನೇ ಲೆಕ್ಕದಲ್ಲಿ ಡ್ರೈವರನ ಕೂಲಿಯೂ ಸೋರಿ ಹೋಗುತ್ತೆ. ದರ ಏರಿಸಿದವನು ಅವನಲ್ಲ, ಲಾರಿಯೂ ಅವನದಲ್ಲ. ಇನ್ನು ಬಾಡಿಗೆ ಎಷ್ಟಕ್ಕೆ ಕುದುರಿತು ಅನ್ನೋದು ಟ್ರಾನ್ಸ್‌ಪೋರ್ಟ್ ಆಫೀಸಿಗೂ ಮಾಲೀಕನಿಗೂ ಫೋನಿನಲ್ಲೇ ಮುಗಿದಿರುತ್ತೆ. ಕಾಣದ ಮೊತ್ತಕ್ಕೆ ಪರ್ಸೆಂಟು ಹಾಕೋದು ಹೇಗೆ?

ದೆಹಲಿಯಲ್ಲಿ ವಾಪಸ್ ಲೋಡು ಸಿಗದೆ ಮೂರು ದಿನ ನಿಂತರೆ ಬಾಡಿಗೆ ಸೊನ್ನೆ, ಸೊನ್ನೆಗೆ ಪರ್ಸೆಂಟು ಸೊನ್ನೆ. ಊಟ ಮಾತ್ರ ಮೂರು ದಿನವೂ ಮಾಡಬೇಕು.

ಮಂಡಿಯವನದೂ ಪರ್ಸೆಂಟೇ ಅಲ್ಲವೇ ಅನ್ನಬಹುದು. ಹೌದು, ಬೆಲೆ ಬಿದ್ದರೆ ಅವನ ಕಮಿಷನ್ನೂ ಇಳಿಯುತ್ತೆ. ಆದರೆ ಅವನು ಕೂತಲ್ಲೇ ನೂರು ಜನರ ಮಾಲಿನ ಮೇಲೆ ಹಿಡೀತಾನೆ. ಡ್ರೈವರನಿಗೆ ಇರೋದು ಒಂದೇ ಲಾರಿ, ಒಂದೇ ಜೊತೆ ಕಣ್ಣು. ಸಂಪಾದನೆ ಹೆಚ್ಚಬೇಕಾದರೆ ನಿದ್ದೆ ಬಿಡಬೇಕು, ಇಲ್ಲವೇ ಭಾರ ಹೆಚ್ಚಿಸಬೇಕು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು. ಪರ್ಸೆಂಟಿನ ಲಾರಿಗೆ ಆ ಗಡಿಯಾರ ಯಾವತ್ತೂ ತಾಗಲಿಲ್ಲ.

ಭಾರದ ಲೆಕ್ಕವನ್ನೂ ನೋಡಿ. ಟನ್ನಿಗೆ 3,000 ಬಾಡಿಗೆಯಂತೆ 3 ಟನ್ ಹೆಚ್ಚು ಹೇರಿದರೆ 9,000 ಬರುತ್ತೆ, ಶೇ. 10ರಂತೆ ಡ್ರೈವರನಿಗೆ 900. ಸಿಕ್ಕಿಬಿದ್ದರೆ 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆ ಹೇಳೋ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಒಟ್ಟು 26,000. ರಸ್ತೆಯಲ್ಲಿ ಕೈಗೆ ಸಿಗೋದು ಮಾಲೀಕನಲ್ಲ, ಡ್ರೈವರ್.

ಒಂದು ಲಾರಿ ಇಟ್ಟುಕೊಂಡು ಫೈನಾನ್ಸ್ ಕಂತಿಗೆ ಒದ್ದಾಡೋ ಮಾಲೀಕರೂ ನಮ್ಮವರೇ, ಅವರ ಮೇಲೆ ಹಗೆ ಇಲ್ಲ. ಆದರೆ ತನಗೆ ಕಡಿಮೆ ಬಾಡಿಗೆ ಕಟ್ಟಿದ ಏಜೆಂಟನ ಮೇಲೆ ತಿರುಗಿ ಬೀಳಲಾರದವನು ಆ ನಷ್ಟವನ್ನ ಡ್ರೈವರನ ತಲೆಗೆ ಕಟ್ಟೋದು ಯಾವ ನ್ಯಾಯ?

ಪರ್ಸೆಂಟು ಬೇಡ ಅನ್ನೋದಿಲ್ಲ. ಕೆಳಗೆ ಗಟ್ಟಿ ಸಂಬಳ ಇರಲಿ, ಪರ್ಸೆಂಟು ಅದರ ಮೇಲೆ ಬರಲಿ. ಅದು ಪೂರ್ತಿ ಬಾಡಿಗೆ ಮೇಲೇ ಇರಲಿ, ಬಾಡಿಗೆ ಚೀಟಿಯ ನಕಲು ಡ್ರೈವರನ ಕೈಗೂ ಬರಲಿ. ಲಾರಿ ನಿಂತ ದಿನಕ್ಕೂ ಬತ್ತೆ ಕೊಡಬೇಕು. ಮಗನನ್ನ ಲಾರಿ ಹತ್ತಿಸೋ ಅಪ್ಪಂದಿರು ಮುಂಗಡ ಎಣಿಸಿಕೊಳ್ಳೋ ಮುಂಚೆ ಕೇಳಿ: ಪರ್ಸೆಂಟು ಖರ್ಚು ಕಳೆಯೋ ಮುಂಚೆಯೋ, ಕಳೆದ ಮೇಲೋ? ಉತ್ತರವನ್ನ ಚೀಟಿಯಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿ.