ಬಾಣದ ಗುಂಡಿಯ ಮೇಲೆ ರ‍್ಯಾಲಿ ಕಾರು

ಅಫಜಲಪುರದಿಂದ ತಂದೆಯೊಬ್ಬರು ಕೇಳಿದ್ದಾರೆ. ಮಗ ಪಿಯುಸಿ ಎರಡನೇ ವರ್ಷದಲ್ಲಿದ್ದಾನೆ. ಓದಿಗೆಂದು ಕೊಡಿಸಿದ ಹಳೆಯ ಕಂಪ್ಯೂಟರಿನಲ್ಲಿ ರಾತ್ರಿ ಊಟವಾದ ಮೇಲೆ ಕಾರು ಓಡಿಸುತ್ತಾನೆ. ಕಾರು ಮರಕ್ಕೆ ಬಡಿಯುತ್ತದೆ, ಮತ್ತೆ ಮೊದಲಿನಿಂದ ಶುರು. ಈಗ ಅವನಿಗೆ ಸ್ಟೀರಿಂಗ್ ಚಕ್ರ ಬೇಕಂತೆ. ಕೀಲಿಮಣೆಯಲ್ಲಿ ಈ ಆಟ ಆಗುವುದೇ ಇಲ್ಲವಂತೆ. ಕೊಡಿಸಬೇಕೇ?

ಬೇಡ ಎಂದೇ ನನ್ನ ಉತ್ತರ. ಒಳ್ಳೆಯ ಚಕ್ರ, ಪೆಡಲುಗಳಿಗೆ ಹತ್ತಾರು ಸಾವಿರ ರೂಪಾಯಿ ಬೀಳುತ್ತದೆ. ಅದಕ್ಕೆ ಎಷ್ಟು ಚೀಲ ತೊಗರಿ ಮಾರಬೇಕೆಂದು ಆ ಭಾಗದವರಿಗೆ ಯಾರೂ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಆದರೆ ಹುಡುಗ ಹೇಳುವುದರಲ್ಲಿ ಅರ್ಧ ನಿಜವಿದೆ.

ಕಾರಿನ ಆಟಗಳಲ್ಲಿ ಎರಡು ಜಾತಿ. ಒಂದರಲ್ಲಿ ಕಾರು ಗೋಡೆಗೆ ಬಡಿದರೂ ಓಡುತ್ತಿರುತ್ತದೆ. ಇನ್ನೊಂದು ನಿಜದ ಕಾರಿನ ತೂಕ, ಟೈರಿನ ಹಿಡಿತ, ಮಣ್ಣಿನ ಗುಣ ಎಲ್ಲವನ್ನೂ ಲೆಕ್ಕ ಹಾಕುತ್ತದೆ. 2004ರಲ್ಲಿ ಬಂದ ‘ರಿಚರ್ಡ್ ಬರ್ನ್ಸ್ ರ‍್ಯಾಲಿ’ ಈ ಎರಡನೇ ಜಾತಿಯದು. ಹಳೆಯ ಆಟವಾದ್ದರಿಂದ ಹಳೆಯ ಯಂತ್ರಕ್ಕೂ ಭಾರವಾಗದು. ಕಷ್ಟದ ವಿಷಯದಲ್ಲಿ ಮಾತ್ರ ಇಂದಿಗೂ ಹೆಸರುವಾಸಿ. ಇಂಗ್ಲೆಂಡಿನ ಬರ್ನ್ಸ್ 2001ರ ವಿಶ್ವ ರ‍್ಯಾಲಿ ಚಾಂಪಿಯನ್. ಪ್ರಶಸ್ತಿ ಗೆದ್ದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷವಾದಾಗ, 2005ರ ನವೆಂಬರ್ 25ರಂದು, ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು. ಆಗ ಅವರಿಗೆ 34 ವರ್ಷ.

ಕೀಲಿಮಣೆಯ ತೊಂದರೆ ಏನೆಂದರೆ, ಅದಕ್ಕೆ ಗೊತ್ತಿರುವುದು ಎರಡೇ ಮಾತು: ಒತ್ತಿದೆ, ಒತ್ತಿಲ್ಲ. ‘ಸ್ವಲ್ಪ ಎಡಕ್ಕೆ’ ಎಂಬುದು ಅದಕ್ಕೆ ತಿಳಿಯದು. ಎಡಬಾಣದ ಗುಂಡಿಯನ್ನು ಒತ್ತಿ ಹಿಡಿದರೆ ಆಟದೊಳಗಿನ ಸ್ಟೀರಿಂಗು ಪೂರ್ತಿ ತಿರುಗುವ ತನಕ ತಿರುಗುತ್ತಲೇ ಇರುತ್ತದೆ. ಬಿಟ್ಟರೆ ನಡುವಿಗೆ ಮರಳುತ್ತದೆ. ಆದ್ದರಿಂದ ಗುಂಡಿಯನ್ನು ಒತ್ತಿ ಹಿಡಿಯಬಾರದು, ತಟ್ಟಬೇಕು. ತಬಲಾ ಕಲಿಯುವವರು ಇದನ್ನು ಬೇಗ ಹಿಡಿಯುತ್ತಾರೆ ಎಂದು ನನ್ನ ಅನುಮಾನ. ಸ್ಟೀರಿಂಗು ಎಷ್ಟು ಬೇಗ ತಿರುಗಬೇಕು, ಎಷ್ಟು ಬೇಗ ಮರಳಬೇಕು ಎಂದು ಬದಲಿಸುವ ಅವಕಾಶ ಬಹಳಷ್ಟು ಆಟಗಳಲ್ಲಿದೆ. ತಿರುಗುವ ವೇಗವನ್ನು ತಗ್ಗಿಸಿ ನೋಡಿ, ಅರ್ಧ ಜಗಳ ಮುಗಿಯುತ್ತದೆ.

ಉಳಿದರ್ಧ ಮಣ್ಣಿನದು. ಮಳೆ ಬಿದ್ದ ಮರುದಿನ ಜೇವರ್ಗಿ ಕಡೆಯ ಎರೆ ಹೊಲದ ಹಾದಿಯಲ್ಲಿ ಬೈಕು ತಳ್ಳಿಕೊಂಡು ಬಂದವರಿಗೆ ಇದು ಹೊಸದಲ್ಲ. ಹ್ಯಾಂಡಲ್ ಒಂದು ಕಡೆ, ಗಾಡಿ ಇನ್ನೊಂದು ಕಡೆ! ತಿರುವಿನ ಒಳಗೆ ಬ್ರೇಕ್ ಒತ್ತಿದರೆ ಮುಂದಿನ ಟೈರಿಗೆ ತಿರುಗಲು ಶಕ್ತಿ ಉಳಿಯುವುದಿಲ್ಲ. ನೇರ ದಾರಿಯಲ್ಲೇ ಬ್ರೇಕ್ ಹಾಕಿ ಮುಗಿಸಬೇಕು. ವೇಗದ ಗುಂಡಿಯನ್ನು ಬಿಟ್ಟರೆ ಕಾರಿನ ಭಾರ ಮುಂದಕ್ಕೆ ಬಾಗುತ್ತದೆ, ಮುಂದಿನ ಟೈರು ನೆಲ ಕಚ್ಚುತ್ತದೆ, ಆಗ ತಿರುಗಿಸಬೇಕು. ಭೌತಶಾಸ್ತ್ರದ ಪುಸ್ತಕದ ಜಡತ್ವ, ಘರ್ಷಣೆ ಎಂಬ ಪಾಠಗಳೇ ಇವು.

ಇನ್ನೊಂದು ದೋಷ ಹುಡುಗನದಲ್ಲ, ಅಗ್ಗದ ಕೀಲಿಮಣೆಯದು. ಗುಂಡಿಗಳ ಕೆಳಗೆ ತಂತಿಗಳು ಅಡ್ಡ, ಉದ್ದ ಸಾಲಾಗಿ ಜಾಲರಿಯಂತೆ ಇರುತ್ತವೆ. ಮೂರು ಗುಂಡಿ ಒಟ್ಟಿಗೆ ಒತ್ತಿದಾಗ ಕೆಲವು ಜೋಡಣೆಗಳಲ್ಲಿ ಮೂರನೆಯದು ಯಂತ್ರಕ್ಕೆ ಮುಟ್ಟುವುದೇ ಇಲ್ಲ. ವೇಗ, ಎಡ, ಹ್ಯಾಂಡ್‌ಬ್ರೇಕ್ ಮೂರೂ ಒತ್ತಿದರೂ ಕಾರು ಕೇಳದಿದ್ದರೆ ಕಾರಣ ಇದಿರಬಹುದು. ಹ್ಯಾಂಡ್‌ಬ್ರೇಕನ್ನು ಕಂಟ್ರೋಲ್ ಗುಂಡಿಗೆ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಶಿಫ್ಟ್ ಗುಂಡಿ ಬೇಡ. ಐದು ಸಲ ಒತ್ತಿದೊಡನೆ ವಿಂಡೋಸ್ ಪ್ರಶ್ನೆ ಕೇಳಲು ಎದ್ದು ನಿಲ್ಲುತ್ತದೆ, ಅಷ್ಟರಲ್ಲಿ ಕಾರು ಹಳ್ಳದಲ್ಲಿ.

ರ‍್ಯಾಲಿಯಲ್ಲಿ ಪಕ್ಕದಲ್ಲಿ ಕೂತವನದೂ ಅರ್ಧ ಕೆಲಸ. ಮುಂದಿನ ತಿರುವು ಎಂಥದೆಂದು ಆತ ಮೊದಲೇ ಬರೆದಿಟ್ಟುಕೊಂಡು ಓದಿ ಹೇಳುತ್ತಾನೆ. ನಮ್ಮ ಕಾಸರಗೋಡಿನ ಮೂಸಾ ಶರೀಫ್ ದೇಶದ ರ‍್ಯಾಲಿಗಳಲ್ಲಿ ಹೆಸರು ಮಾಡಿದ್ದು ಈ ಸಹಚಾಲಕನ ಆಸನದಲ್ಲೇ. ಆಟದಲ್ಲೂ ಆ ದನಿ ಇಂಗ್ಲಿಷಿನಲ್ಲಿ ಬರುತ್ತದೆ. ಆಳಂದದ ಕನ್ನಡ ಮಾಧ್ಯಮದ ಹುಡುಗ ಈ ತಿರುವಿನಲ್ಲಿ ಬೆರಳಾಡಿಸುತ್ತ ಮುಂದಿನ ತಿರುವಿನ ಮಾತನ್ನು ಕಿವಿಯಲ್ಲಿ ಹಿಡಿದಿಡುವುದು ಸಣ್ಣ ಸಾಧನೆಯಲ್ಲ. ದನಿಯನ್ನು ಆರಿಸಿ ಆಡುವವರು ಮರಕ್ಕೆ ಬಡಿಯುವುದರಲ್ಲಿ ಆಶ್ಚರ್ಯವಿಲ್ಲ.

ಪಾಲಕರ ನಿಜವಾದ ಭಯ ಬೇರೆಯೇ ಇರುತ್ತದೆ: ಇವನು ನಾಳೆ ಟ್ರ್ಯಾಕ್ಟರ್ ತೆಗೆದುಕೊಂಡು ಹೋದರೆ? ಭಯ ಸರಿಯಾದದ್ದೇ. ಕುರ್ಚಿಯಲ್ಲಿ ಕೂತವನ ಬೆನ್ನಿಗೆ ಕಾರಿನ ಜಾರು ತಿಳಿಯುವುದಿಲ್ಲ, ಹೊಟ್ಟೆಯಲ್ಲಿ ಹೆದರಿಕೆ ಹುಟ್ಟುವುದಿಲ್ಲ. ವಿಡಿಯೊ ಆಟದ ಸ್ಪರ್ಧೆ ಗೆದ್ದು 2011ರಲ್ಲಿ ನಿಜದ ರೇಸಿಗೆ ಹೋದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೋ ಕತೆಯನ್ನು ಹುಡುಗರು ಹೇಳಿಯಾರು. 2023ರಲ್ಲಿ ಸಿನಿಮಾ ಕೂಡ ಬಂತು. ಆತನಿಗೆ ಗೆದ್ದ ಮೇಲೆ ವೃತ್ತಿಪರ ತರಬೇತಿ ಕೊಡಲಾಗಿತ್ತು. ಆದರೂ 2015ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಆತನ ಕಾರು ಗಾಳಿಗೆ ಎದ್ದು ಬೇಲಿ ದಾಟಿ ಪ್ರೇಕ್ಷಕರೊಬ್ಬರು ಸತ್ತರು. ಮನೆಯ ಮಟ್ಟಿಗೆ ಹೇಳುವುದಾದರೆ, 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವಾದರೆ ಪಾಲಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಸೆರೆವಾಸ. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ.

ಅಫಜಲಪುರದ ಹಿರಿಯರೇ, ಟ್ರ್ಯಾಕ್ಟರಿನ ಕೀಲಿಯನ್ನು ಗೋಡೆಯ ಮೊಳೆಯಿಂದ ತೆಗೆದು ಪೆಟ್ಟಿಗೆಗೆ ಹಾಕಿ. ಆಮೇಲೆ ಒಂದು ರಾತ್ರಿ ಮಗನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಒಂದು ಹಾದಿಯನ್ನು ಎಲ್ಲೂ ಬಡಿಯದೆ, ಎಷ್ಟೇ ನಿಧಾನವಾದರೂ ಸರಿ, ಮುಗಿಸಿ ತೋರಿಸಲು ಹೇಳಿ. ನಂತರ ನೀವೂ ಒಮ್ಮೆ ಗುಂಡಿ ತಟ್ಟಿ ನೋಡಿ. ಎಷ್ಟನೇ ತಿರುವಿನಲ್ಲಿ ಮರ ಸಿಕ್ಕಿತೆಂದು ಬರೆಯಿರಿ.