ಕೀಲಿಮಣೆಯ ಒಡೆತನ

ಪಠ್ಯ ಸಂಪಾದಕವೆಂದರೆ ಬರಹವನ್ನು ಟೈಪು ಮಾಡಿ ತಿದ್ದುವ ತಂತ್ರಾಂಶ; ಅದಕ್ಕೆ ಹೊಸ ಸೌಲಭ್ಯಗಳನ್ನು ಜೋಡಿಸುವ ಪೂರಕ ತಂತ್ರಾಂಶವೇ ಪ್ಯಾಕೇಜು. ಪ್ಯಾಕೇಜು ತನ್ನ ಆದೇಶಗಳಿಗೆಂದು ಗೊತ್ತುಮಾಡಿಕೊಂಡ ಶಾರ್ಟ್‌ಕಟ್ ಕೀಲಿಗಳು ಸಂಪಾದಕ ತೆರೆದ ಕೂಡಲೇ ಜಾರಿಗೆ ಬರಬೇಕೋ, ಬಳಕೆದಾರ ಕರೆದಾಗಲೋ ಎಂಬುದನ್ನು ತಂತ್ರಜ್ಞರು ಬಹುಮಟ್ಟಿಗೆ ವೇಗದ ಲೆಕ್ಕದಲ್ಲಿ ತೀರ್ಮಾನಿಸುತ್ತಾರೆ. ವಾಸ್ತವದಲ್ಲಿ ಇದು ಕೀಲಿಮಣೆ ಯಾರ ಸೊತ್ತು ಎಂಬ ಪ್ರಶ್ನೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳಂಥ ತಾಲೂಕುಗಳಲ್ಲಿ ಈ ಪ್ರಶ್ನೆ ಬೆಂಗಳೂರಿನಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಮೊದಲೆರಡು ತಾಲೂಕುಗಳು ಮಹಾರಾಷ್ಟ್ರದ ಗಡಿಗೆ ತಾಗಿವೆ. ಈ ಭಾಗದಲ್ಲಿ ಕನ್ನಡದ ಜೊತೆಗೆ ಉರ್ದು, ಮರಾಠಿಗಳೂ ಬಳಕೆಯಲ್ಲಿವೆ. ಹೀಗಿರುವಾಗ ರೋಮನ್ ಅಕ್ಷರ ಅಚ್ಚಾದ ಒಂದೇ ಕೀಲಿ ಒಬ್ಬರಿಗೆ ಕನ್ನಡದ ಕಕಾರ, ಇನ್ನೊಬ್ಬರಿಗೆ ಉರ್ದುವಿನ ಕಾಫ್, ಕಂಟ್ರೋಲ್ ಜೊತೆಗೆ ಒತ್ತಿದರೆ ಸಂಪಾದಕದ ಆದೇಶ. ಸರ್ಕಾರಿ ಕಚೇರಿಗಳಿಗೆ ಪರಿಚಿತವಾದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವು ಕನ್ನಡ, ಇಂಗ್ಲಿಷುಗಳ ನಡುವಿನ ಬದಲಾವಣೆಗೆ ಸ್ಕ್ರಾಲ್ ಲಾಕ್ ಕೀಲಿಯನ್ನು ಬಳಸಿಕೊಂಡಿತು. ಬೇರೆ ಕೆಲಸಕ್ಕೆ ಅಷ್ಟಾಗಿ ಬೇಡದ ಕೀಲಿಯಾದ್ದರಿಂದ ಆ ಆಯ್ಕೆ ಜಾಣತನದ್ದೇ, ಆದರೆ ಇಂದಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಕೀಲಿಯೇ ಇಲ್ಲ!

1985ರಿಂದ ಬಳಕೆಯಲ್ಲಿರುವ ಗ್ನೂ ಈಮ್ಯಾಕ್ಸ್ ಎಂಬ ಸಂಪಾದಕವು ಕನ್ನಡಕ್ಕೆ ಮಾಡಿಕೊಟ್ಟ ವ್ಯವಸ್ಥೆಯನ್ನು ಇಲ್ಲಿ ವಿವರವಾಗಿ ನೋಡುವುದು ಉಚಿತ. ಇನ್‌ಸ್ಕ್ರಿಪ್ಟ್ ಹಾಗೂ ಐಟ್ರಾನ್ಸ್ ಎಂಬ ಎರಡು ಕೀಲಿಮಣೆ ವಿನ್ಯಾಸಗಳ ಹೆಸರು ಮಾತ್ರ ಆರಂಭದಿಂದಲೇ ಅದರ ಪಟ್ಟಿಯಲ್ಲಿರುತ್ತದೆ; ಯಾವ ಕೀಲಿಗೆ ಯಾವ ಅಕ್ಷರ ಎಂಬ ನಿಯಮಗಳ ಕೋಷ್ಟಕ ಸ್ಮೃತಿಗೆ ಬರುವುದು ಬಳಕೆದಾರ ಆ ವಿನ್ಯಾಸವನ್ನು ಮೊದಲ ಬಾರಿ ಆರಿಸಿದಾಗ; ಬಂದ ಮೇಲೂ ಅದು ಆರಿಸಿದ ಕಡತಕ್ಕಷ್ಟೇ ಅನ್ವಯಿಸುವುದರಿಂದ ಪಕ್ಕದ ಕಡತದಲ್ಲಿ ಮರಾಠಿಯೋ ಇಂಗ್ಲಿಷೋ ನಿರಾತಂಕವಾಗಿ ಸಾಗುತ್ತದೆ. ಕಂಟ್ರೋಲ್ ಜೊತೆಗೂಡಿದ ಆದೇಶಗಳನ್ನು ಅದು ಮುಟ್ಟುವುದಿಲ್ಲ. ಕನ್ನಡ ವಿನ್ಯಾಸವನ್ನು ಕಾರ್ಯಾಚರಣ ವ್ಯವಸ್ಥೆಯ ಮಟ್ಟದಲ್ಲೇ ಹೇರಿದರೆ ಮಾತ್ರ ಆದೇಶದ ಅಕ್ಷರವೂ ಕನ್ನಡವಾಗಿ, ಸಂಪಾದಕಕ್ಕೆ ಅರ್ಥವಾಗದ ಸಂಕೇತವೊಂದು ತಲುಪುವ ಸಂಭವವಿದೆ.

ಪ್ಯಾಕೇಜಿನ ಕೀಲಿಗಳೂ ಹೀಗೆಯೇ ಕರೆದಾಗ ಮಾತ್ರ ಬರಲಿ ಎಂದರೆ, ಕರೆಯುವವರೆಗೆ ಕೀಲಿಯೇ ಇಲ್ಲದಿದ್ದರೆ ಕರೆಯುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದು. ಇದಕ್ಕೆ ಉತ್ತರ ಸಿಗುವುದು ಘೋಷಣೆಯನ್ನೂ ಲೋಡ್ ಮಾಡುವುದನ್ನೂ ಬೇರ್ಪಡಿಸಿದಾಗ. ಪ್ಯಾಕೇಜನ್ನು ಎಬ್ಬಿಸುವ ಒಂದು ಕೀಲಿ ಆರಂಭದಲ್ಲೇ ಸಿದ್ಧವಿರಲಿ, ಉಳಿದವು ಎದ್ದ ಮೇಲೆ ಬರಲಿ. ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಸಂಪಾದಕ ಕೂಡ ಪ್ಯಾಕೇಜಿನ ಕೀಲಿಗಳನ್ನು ವಿವರಪಟ್ಟಿಯಿಂದಲೇ ಓದಿಕೊಂಡು, ಅದರ ಸಂಕೇತಭಾಗವನ್ನು ಅಗತ್ಯ ಬಿದ್ದಾಗ ಚಾಲನೆಗೊಳಿಸುತ್ತದೆ. ಮೊದಲ ಒತ್ತಿಗೆ ತುಸು ತಡವಾಗಬಹುದು. ಹಳೆಯ ಗಣಕದಲ್ಲಿ ಎಲ್ಲ ಪ್ಯಾಕೇಜುಗಳೂ ಒಟ್ಟಿಗೆ ಏಳುವುದನ್ನು ಕಾಯುವುದಕ್ಕಿಂತ ಅದು ಸಹ್ಯ.

ಪ್ಯಾಕೇಜನ್ನು ಲೋಡ್ ಮಾಡಿದ ಮಾತ್ರಕ್ಕೆ ಸಂಪಾದಕದ ನಡವಳಿಕೆ ಬದಲಾಗಕೂಡದೆಂಬುದು ಈಮ್ಯಾಕ್ಸ್ ಕೈಪಿಡಿಯ ನಿಯಮ. ಕಂಟ್ರೋಲ್-ಸಿ ಒತ್ತಿ ಬಳಿಕ ಬರಿಯ ಒಂದು ಅಕ್ಷರ ಒತ್ತುವ ಜೋಡಣೆಗಳನ್ನು ಅದೇ ಕೈಪಿಡಿ ಬಳಕೆದಾರರಿಗೆ ಮೀಸಲಿಟ್ಟಿದೆ. ಪ್ಯಾಕೇಜೊಂದು ಅವನ್ನು ತನ್ನದಾಗಿಸಿಕೊಂಡರೆ, ಅದು ಯಾವ ಹೊತ್ತಿನಲ್ಲಿ ಲೋಡ್ ಆದರೂ ಅತಿಕ್ರಮಣವೇ.